ಟ್ಯೂಬಾ ವಾದ್ಯದ ನಾಳರಚನೆಯೂ ಅದರ ಓಗೊಡುವಿಕೆಯೂ

೧

ಪಾಶ್ಚಾತ್ಯ ವಾದ್ಯವೃಂದದ ಹಿತ್ತಾಳೆ ವಾದ್ಯಗಳಲ್ಲಿ ಅತ್ಯಂತ ಕೆಳಗಿನ ಸ್ವರಗಳ ಹೊಣೆಯನ್ನು ಹೊತ್ತಿರುವುದು ಟ್ಯೂಬಾ. ನಮ್ಮ ಜನಕ್ಕೆ ಇದರ ಹೆಸರು ಅಷ್ಟಾಗಿ ಪರಿಚಿತವಲ್ಲದಿದ್ದರೂ ರೂಪ ಹೊಸದಲ್ಲ. ಮೆರವಣಿಗೆಯ ಬ್ಯಾಂಡುಗಳಲ್ಲಿ ಇದನ್ನೋ ಇದರ ಬಳಗದ ಬೇರೊಂದು ವಾದ್ಯವನ್ನೋ ಹಲವರು ಕಂಡಿದ್ದಾರೆ: ಸುರುಳಿ ಸುತ್ತಿದ ಹೆಗ್ಗೊಳವೆ, ಅದರ ತುದಿಗೆ ಅರಳಿದ ದೊಡ್ಡ ಬಾಯಿ, ನಡುವೆ ಬೆರಳಿನಿಂದ ಒತ್ತುವ ಮೂರು ನಾಲ್ಕು ವಾಲ್ವುಗಳು. ಈ ವಾದ್ಯವನ್ನು ನುಡಿಸುವವರು ಒಂದನ್ನು ಮೆಚ್ಚಿದಾಗ 'ಇದು ಚೆನ್ನಾಗಿ ಓಗೊಡುತ್ತದೆ' ಎನ್ನುತ್ತಾರೆ; ಮೆಚ್ಚದಿದ್ದಾಗ 'ಇದು ಬಿಗಿ' ಎನ್ನುತ್ತಾರೆ. ಮೆಚ್ಚದ ವಾದ್ಯವನ್ನು ತಿದ್ದುವ ಆಸೆಯೂ ಅವರಿಗೆ ಸಹಜವೇ. ಮೊದಲ ಕೊಳವೆಯನ್ನು ಬದಲಾಯಿಸುವುದು, ವಾಲ್ವುಗಳ ಸುತ್ತುಗಳನ್ನು ಕತ್ತರಿಸುವುದು, ಹೆಚ್ಚಿನ ವಾಲ್ವನ್ನು ಬೆಸೆಯುವುದು, ಲೋಹದ ದಪ್ಪವನ್ನು ಹೆಚ್ಚುಕಡಿಮೆ ಮಾಡುವುದು ಮುಂತಾದ ತಿದ್ದುಪಡಿಗಳು ಈ ವಾದ್ಯದ ಹುಟ್ಟಿನಿಂದಲೂ ನಡೆದುಬಂದಿವೆ. ಇವುಗಳ ಪೈಕಿ ಯಾವುದು ಯಾವ ಫಲವನ್ನು ನಿಜವಾಗಿ ಕೊಡಬಲ್ಲುದು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿವೇಚನೆಗೆ ಮೊದಲ ಅಡ್ಡಿಯೆಂದರೆ 'ಓಗೊಡುವಿಕೆ' ಎಂಬ ಮಾತೇ. ವಾದಕರು ಈ ಒಂದು ಮಾತಿನಿಂದ ಮೂರು ಬೇರೆ ಬೇರೆ ಗುಣಗಳನ್ನು ಸೂಚಿಸುತ್ತಾರೆ. ಬಯಸಿದ ಸ್ವರ ತನ್ನ ಶ್ರುತಿಯಲ್ಲಿ ತಾನಾಗಿ ನಿಲ್ಲುತ್ತದೆಯೇ ಎಂಬುದು ಒಂದು. ನಾಲಗೆ ತೆಗೆದೊಡನೆ ಸ್ವರ ತಡವಿಲ್ಲದೆ, ಒಡಕಿಲ್ಲದೆ ಹೊರಡುತ್ತದೆಯೇ ಎಂಬುದು ಎರಡು. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ಉಸಿರಿಗೆ ತೋರುವ ನಿರೋಧ ಒಂದೇ ಸಮನಾಗಿರುತ್ತದೆಯೇ ಎಂಬುದು ಮೂರು. ಒಂದನ್ನು ಉತ್ತಮಪಡಿಸುವ ಉಪಾಯ ಇನ್ನೊಂದನ್ನು ಕೆಡಿಸುವುದು ವಿರಳವಲ್ಲ. ಆದುದರಿಂದ ಯಾವ ತಿದ್ದುಪಡಿಯನ್ನಾದರೂ ಹೊಗಳುವ ಮುನ್ನ ಯಾವ ಗುಣಕ್ಕೆ, ಯಾವ ಸ್ವರಗಳಲ್ಲಿ, ಯಾವ ಬೆಲೆ ತೆತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ನಾಳದಲ್ಲಿ ಮಾಡುವ ಮಾರ್ಪಾಡು ಕಷ್ಟವನ್ನು ನಿರ್ಮೂಲ ಮಾಡುವುದಕ್ಕಿಂತ ಹೆಚ್ಚಾಗಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ಉಳಿದ ಕಷ್ಟವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರಿಂದಲೇ ರಚನೆಯ ಯೋಗ್ಯತೆಯನ್ನು ಅಳೆಯುವುದು ಉಚಿತ.

೨

ಕೊಳವೆಯ ಉದ್ದ ನಿಶ್ಚಿತವಾಗಿದ್ದರೆ ಅದರಲ್ಲಿ ಹೊರಡುವ ಸ್ವರಗಳೂ ನಿಶ್ಚಿತ. ನಮ್ಮ ಕೊಂಬು ಕಹಳೆಗಳಲ್ಲಿ ಬೆರಳಿಗೆ ಕೆಲಸವಿಲ್ಲದೆ ತುಟಿಯ ಬಿಗಿತದಿಂದಲೇ ಕೆಲವು ಸ್ವರಗಳು ಮಾತ್ರ ಹುಟ್ಟುವುದನ್ನು ಎಲ್ಲರೂ ಬಲ್ಲರು. ಅವನ್ನು ಸಹಜಸ್ವರಗಳೆಂದು ಕರೆಯೋಣ. ಬಿ-ಫ್ಲಾಟ್ ಶ್ರುತಿಯ ದೊಡ್ಡ ಟ್ಯೂಬಾದ ನಾಳ ಸುಮಾರು ೧೮ ಅಡಿ, ಎಂದರೆ ೫೪೯ ಸೆಂಟಿಮೀಟರು ಉದ್ದ. ಅದರ ಮೊದಲ ಸಹಜಸ್ವರಕ್ಕೆ ಸೆಕೆಂಡಿಗೆ ಸುಮಾರು ೨೯ ಕಂಪನಗಳು. ಎರಡನೆಯದಕ್ಕೆ ೫೮, ಮೂರನೆಯದಕ್ಕೆ ೮೭, ಹೀಗೆಯೇ ಮುಂದಕ್ಕೆ. ಎರಡನೆಯ ಮತ್ತು ಮೂರನೆಯ ಸಹಜಸ್ವರಗಳ ನಡುವೆ ಏಳು ಅರ್ಧಸ್ವರಗಳ ಅಂತರವಿದೆ. ಆ ಅಂತರವನ್ನು ತುಂಬಬೇಕಾದರೆ ಕೊಳವೆಯ ಉದ್ದವನ್ನು ಆರು ಮೆಟ್ಟಿಲುಗಳಲ್ಲಿ ಹೆಚ್ಚಿಸಬೇಕು. ಈ ಕೆಲಸವನ್ನು ವಾಲ್ವುಗಳು ಮಾಡುತ್ತವೆ. ಬರ್ಲಿನ್ನಿನಲ್ಲಿ ಸ್ಟೋಲ್ಟ್ಸೆಲ್ ಮತ್ತು ಬ್ಲ್ಯೂಮೆಲ್ ಎಂಬವರು ೧೮೧೮ರಲ್ಲಿ ವಾಲ್ವಿಗೆ ಹಕ್ಕುಪತ್ರ ಪಡೆದರು. ಅದೇ ನಗರದಲ್ಲಿ ೧೮೩೫ರ ಸೆಪ್ಟೆಂಬರ್ ೧೨ರಂದು ವೀಪ್ರೆಕ್ಟ್ ಮತ್ತು ಮೋರಿಟ್ಸ್ ಇವರಿಗೆ ಎಫ್ ಶ್ರುತಿಯ, ಐದು ವಾಲ್ವುಗಳ ಬಾಸ್ ಟ್ಯೂಬಾಕ್ಕೆ ಹಕ್ಕುಪತ್ರ ದೊರೆಯಿತು. ಮೂರು ವಾಲ್ವುಗಳಿಂದಲೇ ಆರು ಮೆಟ್ಟಿಲುಗಳು ದೊರೆಯುವುದಾದರೆ ಮೊದಲ ಟ್ಯೂಬಾಕ್ಕೇ ಐದು ವಾಲ್ವುಗಳೇಕೆ ಬೇಕಾದವು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರ ಸರಳವಾದ ಗಣಿತದಲ್ಲಿದೆ.

೩

ಒಂದು ಅರ್ಧಸ್ವರ ಇಳಿಸಬೇಕಾದರೆ ನಾಳದ ಉದ್ದಕ್ಕೆ ಶೇಕಡಾ ೫.೯೫ರಷ್ಟು ಸೇರಿಸಬೇಕು, ಎರಡಕ್ಕೆ ೧೨.೨೫, ಮೂರಕ್ಕೆ ೧೮.೯೨. ಎರಡನೆಯ ವಾಲ್ವು, ಮೊದಲನೆಯ ವಾಲ್ವು, ಮೂರನೆಯ ವಾಲ್ವು ಅನುಕ್ರಮವಾಗಿ ಈ ಮೂರು ಕೆಲಸಗಳನ್ನು ಮಾಡುತ್ತವೆ. ಒಂದೊಂದನ್ನೇ ಒತ್ತಿದಾಗ ಲೆಕ್ಕ ಸರಿಹೋಗುತ್ತದೆ. ಆದರೆ ಒಂದು ವಾಲ್ವನ್ನು ಒತ್ತಿದೊಡನೆ ನಾಳ ಮೊದಲಿಗಿಂತ ಉದ್ದವಾಯಿತಷ್ಟೆ? ಆ ಉದ್ದವಾದ ನಾಳಕ್ಕೆ ಎರಡನೆಯ ವಾಲ್ವಿನಿಂದ ಸೇರುವುದು ಹಳೆಯ ನಾಳದ ಲೆಕ್ಕಕ್ಕೆ ಕತ್ತರಿಸಿದ ತುಂಡು. ಹೀಗಾಗಿ ಕೂಡಿಸಿ ಒತ್ತಿದಾಗಲೆಲ್ಲ ಉದ್ದ ಸಾಲದೆ ಬರುತ್ತದೆ.

ನಮ್ಮ ೫೪೯ ಸೆಂಟಿಮೀಟರಿನ ನಾಳದಲ್ಲಿ ಈ ಕೊರತೆ ಎಷ್ಟೆಂದು ನೋಡೋಣ. ಒಂದನೆಯ ಮತ್ತು ಎರಡನೆಯ ವಾಲ್ವುಗಳನ್ನು ಕೂಡಿಸಿದರೆ ಸುಮಾರು ೪ ಸೆಂಟಿಮೀಟರು ಸಾಲದು. ಒಂದು ಮತ್ತು ಮೂರನ್ನು ಕೂಡಿಸಿದರೆ ೧೨.೭ ಸೆಂಟಿಮೀಟರು. ಮೂರನ್ನೂ ಕೂಡಿಸಿದರೆ ೨೩.೬ ಸೆಂಟಿಮೀಟರು. ಅರ್ಧಸ್ವರವನ್ನು ನೂರು ಪಾಲು ಮಾಡಿ ಒಂದು ಪಾಲಿಗೆ ಸೆಂಟ್ ಎಂಬ ಹೆಸರು ಕೊಡುವ ವಾಡಿಕೆಯಂತೆ, ಸ್ವರಗಳು ಕ್ರಮವಾಗಿ ಸುಮಾರು ೧೧, ೩೦ ಮತ್ತು ೫೪ ಸೆಂಟ್‌ಗಳಷ್ಟು ಮೇಲಕ್ಕೆ ಸರಿಯುತ್ತವೆ. ಕೊನೆಯದು ಅರ್ಧಸ್ವರದ ಅರ್ಧಭಾಗಕ್ಕೂ ಮಿಗಿಲು. ಐದು ಅರ್ಧಸ್ವರ ಇಳಿಸುವ ನಾಲ್ಕನೆಯ ವಾಲ್ವನ್ನು ಸೇರಿಸಿ ನಾಲ್ಕನ್ನೂ ಒತ್ತಿದರೆ ಹನ್ನೊಂದು ಅರ್ಧಸ್ವರ ಇಳಿಯಬೇಕಾದ ಕಡೆ ಒಂಬತ್ತಕ್ಕಿಂತ ತುಸು ಹೆಚ್ಚು ಮಾತ್ರ ಇಳಿಯುತ್ತದೆ.

ಈ ಅಂಕಿಗಳನ್ನು ಅಧ್ಯಾಪಕರು ವಿಶೇಷವಾಗಿ ಲಕ್ಷಿಸಬೇಕೆಂದು ಕೋರುತ್ತೇವೆ. ವಾದನವನ್ನು ಕಲಿಯುವ ವಿದ್ಯಾರ್ಥಿ ಕೆಳಗಿನ ಸ್ವರಗಳಲ್ಲಿ ಮೇಲೆ ಸರಿದಾಗ 'ನಿನ್ನ ಕಿವಿ ಸಾಲದು, ತುಟಿ ಸಾಲದು' ಎಂದು ಗದರುವುದು ಸುಲಭ. ಸಾಲದಿರುವುದು ೨೩ ಸೆಂಟಿಮೀಟರು ಕೊಳವೆ. ತುಟಿಯನ್ನು ಸಡಿಲಿಸಿ ಅವನು ಸ್ವರವನ್ನು ಬಲವಂತವಾಗಿ ಕೆಳಗೆ ಎಳೆಯಬಲ್ಲ. ಆದರೆ ಹಾಗೆ ಎಳೆದ ಸ್ವರ ನಾಳದ ಅನುನಾದದಿಂದ ಹೊರಬಿದ್ದು ಮಂಕಾಗುತ್ತದೆ, ಹೊರಡಲು ತಡಮಾಡುತ್ತದೆ. ಶ್ರುತಿದೋಷವೆಂದು ಆರಂಭವಾದದ್ದು ಹೀಗೆ ಓಗೊಡುವಿಕೆಯ ದೋಷವಾಗಿ ಪರಿಣಮಿಸುತ್ತದೆ.

೪

ಈ ಕೊರತೆಯನ್ನು ತೀರಿಸಲು ಮೂರು ದಾರಿಗಳು ಬಳಕೆಗೆ ಬಂದಿವೆ. ಮೂರೂ ಒಂದೇ ಸಾಲವನ್ನು ಬೇರೆ ಬೇರೆ ನಾಣ್ಯಗಳಲ್ಲಿ ತೀರಿಸುವ ದಾರಿಗಳೆನ್ನಬಹುದು.

ಮೊದಲನೆಯದು ಲಂಡನ್ನಿನ ಬೂಸಿ ಸಂಸ್ಥೆಯಲ್ಲಿದ್ದ ಡೇವಿಡ್ ಜೇಮ್ಸ್ ಬ್ಲೇಕ್ಲಿ ೧೮೭೦ರ ದಶಕದಲ್ಲಿ ಯೋಜಿಸಿದ ಸರಿದೂಗಿಸುವ ವಾಲ್ವುಗಳ ಕ್ರಮ. ಇದರಲ್ಲಿ ನಾಲ್ಕನೆಯ ವಾಲ್ವನ್ನು ಒತ್ತಿದಾಗ ಅದರ ಸುತ್ತಿನ ಗಾಳಿ ನೇರವಾಗಿ ಬೆಲ್‌ನ ಕಡೆಗೆ ಹೋಗದೆ ಹಿಂದಿರುಗಿ ಮಿಕ್ಕ ಮೂರು ವಾಲ್ವುಗಳನ್ನು ಎರಡನೆಯ ಸಲ ಹಾಯುತ್ತದೆ. ಅವುಗಳ ಪೈಕಿ ಯಾವುದನ್ನು ಒತ್ತಿದ್ದರೂ ಅದರ ಬೆನ್ನಿಗಿರುವ ಚಿಕ್ಕ ಸುತ್ತೊಂದು ಕೂಡಿಕೊಳ್ಳುತ್ತದೆ. ನಮ್ಮ ನಾಳದಲ್ಲಿ ಒಂದನೆಯ ವಾಲ್ವಿನ ಸುತ್ತು ೬೭ ಸೆಂಟಿಮೀಟರು. ನಾಲ್ಕನೆಯದು ಸೇರಿದಾಗ ಅದು ೯೦ ಆಗಬೇಕು. ಈ ೨೩ ಸೆಂಟಿಮೀಟರನ್ನು ಚಿಕ್ಕ ಸುತ್ತು ಒದಗಿಸುತ್ತದೆ. ವಾದಕನ ಬೆರಳಿಗೆ ಹೊಸ ಕಲಿಕೆಯಿಲ್ಲದೆ ಲೆಕ್ಕ ತಾನಾಗಿ ಸರಿಹೋಗುವುದರಿಂದ ಇದು ನಿಜಕ್ಕೂ ಮೇಧಾವಿಯೊಬ್ಬನ ಕೃತಿ. ಆದರೆ ಇದರ ಬೆಲೆಯನ್ನೂ ಹೇಳಬೇಕು. ನಾಲ್ಕನೆಯ ವಾಲ್ವು ಸೇರದ ಜೋಡಣೆಗಳಿಗೆ ಈ ಕ್ರಮದಿಂದ ಪ್ರಯೋಜನವಿಲ್ಲ. ಒಂದು ಮತ್ತು ಎರಡರ ಜೋಡಿಯ ೧೧ ಸೆಂಟ್ ಹಾಗೆಯೇ ಉಳಿಯುತ್ತದೆ. ಗಾಳಿ ವಾಲ್ವುಗಳನ್ನು ಎರಡು ಸಲ ಹಾಯುವುದರಿಂದ ಬಾಗುಗಳೂ ಅಂಚುಗಳೂ ಇಮ್ಮಡಿಸುತ್ತವೆ, ತೂಕ ಹೆಚ್ಚುತ್ತದೆ. ಅತ್ಯಂತ ಕೆಳಗಿನ ಸ್ವರಗಳು ಬಿಗಿಯೆಂದು ಇಂತಹ ವಾದ್ಯಗಳ ಮೇಲೆ ಬರುವ ದೂರಿಗೆ ಆಧಾರವಿಲ್ಲದಿಲ್ಲ. ಶ್ರುತಿಯಲ್ಲಿ ಗಳಿಸಿದ್ದನ್ನು ಇಲ್ಲಿ ನಿರೋಧದಲ್ಲಿ ತೆತ್ತಂತಾಯಿತು.

ಎರಡನೆಯ ದಾರಿ ವಾಲ್ವುಗಳ ಸಂಖ್ಯೆಯನ್ನೇ ಹೆಚ್ಚಿಸುವುದು. ಜರ್ಮನಿಯ ಎಫ್ ಟ್ಯೂಬಾಗಳಲ್ಲಿ ಐದು ಆರು ವಾಲ್ವುಗಳು, ಫ್ರಾನ್ಸಿನ ಚಿಕ್ಕ ಸಿ ಟ್ಯೂಬಾದಲ್ಲಿ ಆರು ವಾಲ್ವುಗಳು ಬಳಕೆಯಾದವು. ಇಲ್ಲಿ ನಿರೋಧದ ಹೊರೆ ಕಡಿಮೆ, ಬೆರಳಿನ ಮತ್ತು ನೆನಪಿನ ಹೊರೆ ಹೆಚ್ಚು. ಮೂರನೆಯದು ಒಂದನೆಯ ವಾಲ್ವಿನ ಸುತ್ತನ್ನು ಎಡಗೈಯಿಂದ ನುಡಿಸುವಾಗಲೇ ಎಳೆದು ತಳ್ಳುವುದು. ಇದು ನಾಳಕ್ಕೆ ಹೊಸ ಬಾಗನ್ನು ಸೇರಿಸುವುದಿಲ್ಲ. ಆದರೆ ತ್ವರಿತವಾದ ಭಾಗಗಳಲ್ಲಿ ಕೈ ಸ್ವರದ ವೇಗವನ್ನು ಹಿಂಬಾಲಿಸಲಾರದು.

ರಚನೆಯ ಭೇದ ಸಂಗೀತದ ಮೇಲೂ ಮುದ್ರೆಯೊತ್ತುತ್ತದೆ. ಮುಸ್ಸೋರ್ಗ್‌ಸ್ಕಿಯ 'ಚಿತ್ರಪ್ರದರ್ಶನ'ವನ್ನು ರಾವೆಲ್ ೧೯೨೨ರಲ್ಲಿ ವಾದ್ಯವೃಂದಕ್ಕೆ ಅಳವಡಿಸಿದಾಗ ಎತ್ತಿನ ಗಾಡಿಯನ್ನು ಚಿತ್ರಿಸುವ ಭಾಗವನ್ನು ಟ್ಯೂಬಾಕ್ಕೆ ಒಂಟಿಯಾಗಿ ವಹಿಸಿದನು. ಅವನ ಮನಸ್ಸಿನಲ್ಲಿದ್ದುದು ಸುಮಾರು ೮ ಅಡಿ ಉದ್ದದ ಫ್ರೆಂಚ್ ಟ್ಯೂಬಾ. ಅದರ ಇಮ್ಮಡಿ ಉದ್ದದ ವಾದ್ಯ ಹಿಡಿದವನಿಗೆ ಅದೇ ಭಾಗ ಅಪಾಯದ ಎತ್ತರವಾಗುತ್ತದೆ. ಆದುದರಿಂದಲೇ ಅನೇಕ ವೃಂದಗಳಲ್ಲಿ ಅದನ್ನು ಯೂಫೋನಿಯಮ್ ಎಂಬ ಚಿಕ್ಕ ವಾದ್ಯದಲ್ಲಿ ನುಡಿಸುವ ರೂಢಿಯಿದೆ.

ನಮ್ಮ ದೇಶದ ಹವೆಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿಯೇ ಹೇಳುವುದು ಯುಕ್ತ. ಗಾಳಿಯ ಉಷ್ಣತೆ ೨೦ ಡಿಗ್ರಿ ಸೆಲ್ಸಿಯಸ್‌ನಿಂದ ೩೫ಕ್ಕೆ ಏರಿದರೆ ಶಬ್ದವೇಗ ಶೇಕಡಾ ೨.೫ರಷ್ಟು ಹೆಚ್ಚುತ್ತದೆ. ನಾಳದೊಳಗಿನ ಗಾಳಿಯೆಲ್ಲ ಅಷ್ಟು ಕಾದರೆ ವಾದ್ಯದ ಶ್ರುತಿ ೪೩ ಸೆಂಟ್‌ಗಳಷ್ಟು ಮೇಲೇರುತ್ತದೆ. ಬಿಸಿಲಿನಲ್ಲಿ ನುಡಿಸುವ ಬ್ಯಾಂಡಿನ ವಾದಕ, ಶ್ರುತಿಯನ್ನು ಹಳೆಯ ಮಟ್ಟಕ್ಕೇ ಇಳಿಸಬೇಕಾದಾಗ, ಮುಖ್ಯ ಸುತ್ತನ್ನು ೭ ಸೆಂಟಿಮೀಟರು ಎಳೆಯುತ್ತಾನೆ. ಎರಡು ಕಾಲುಗಳಲ್ಲೂ ಸೇರಿ ಉದ್ದ ೧೪ ಸೆಂಟಿಮೀಟರು ಹೆಚ್ಚುತ್ತದೆ. ಅಷ್ಟಕ್ಕೇ ಬಿಟ್ಟರೆ ವಾಲ್ವುಗಳ ಸುತ್ತುಗಳು ಮೊದಲಿಗಿಂತಲೂ ಗಿಡ್ಡವಾದಂತಾಗಿ ಮೇಲೆ ಹೇಳಿದ ಕೊರತೆ ಉಲ್ಬಣಿಸುತ್ತದೆ. ಒಂದನೆಯ ವಾಲ್ವಿನ ಸುತ್ತಿನ ಉದ್ದವನ್ನೂ ಸುಮಾರು ೧.೭ ಸೆಂಟಿಮೀಟರು, ಮಿಕ್ಕವನ್ನು ಅದೇ ಪ್ರಮಾಣದಲ್ಲಿ, ಹೆಚ್ಚಿಸಬೇಕು. ಕೆಡುಕೆಂದು ದೂರಲ್ಪಡುವ ಎಷ್ಟೋ ವಾದ್ಯಗಳಿಗೆ ಇದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾಗಲಾರದು.

೫

ಇದುವರೆಗೆ ಉದ್ದವನ್ನು ಕುರಿತು ಹೇಳಿದೆವು. ಅಗಲದ ವಿಷಯ ಇನ್ನೂ ಸೂಕ್ಷ್ಮವಾದುದು. ಈ ವಿಷಯದಲ್ಲಿ ನಮಗೆ ದಾರಿ ತೋರುವುದು ಲಾರ್ಡ್ ರೇಲೆಯ ಶಬ್ದಶಾಸ್ತ್ರದಲ್ಲಿ ನಿರೂಪಿತವಾದ ತತ್ತ್ವ. ನಾಳದೊಳಗಿನ ಸ್ಥಾಯೀತರಂಗದಲ್ಲಿ ಕೆಲವೆಡೆ ಒತ್ತಡದ ಏರಿಳಿತ ಅತ್ಯಧಿಕ, ಕೆಲವೆಡೆ ಗಾಳಿಯ ಚಲನೆ ಅತ್ಯಧಿಕ. ಮೊದಲ ಬಗೆಯ ಸ್ಥಳದಲ್ಲಿ ನಾಳವನ್ನು ಅಗಲಿಸಿದರೆ ಆ ಸ್ವರ ಇಳಿಯುತ್ತದೆ. ಎರಡನೆಯ ಬಗೆಯ ಸ್ಥಳದಲ್ಲಿ ಅಗಲಿಸಿದರೆ ಏರುತ್ತದೆ. ಕಿರಿದುಮಾಡಿದರೆ ಫಲ ತಲೆಕೆಳಗು.

ಇಲ್ಲಿ ಮರೆಯಬಾರದ ಸಂಗತಿಯೆಂದರೆ ಈ ಸ್ಥಳಗಳು ಒಂದೊಂದು ಸಹಜಸ್ವರಕ್ಕೂ ಬೇರೆ ಬೇರೆ. ವಾದಕನ ತುಟಿಯ ಬಳಿ ಎಲ್ಲ ಸ್ವರಗಳಿಗೂ ಒತ್ತಡವೇ ಅಧಿಕ. ಅಲ್ಲಿಂದ ಕಾಲು ತರಂಗದೂರ ಹೋದರೆ ಚಲನೆ ಅಧಿಕವಾಗುತ್ತದೆ. ಎಂಟನೆಯ ಸಹಜಸ್ವರಕ್ಕೆ ಈ ದೂರ ಸ್ಥೂಲವಾಗಿ ೩೭ ಸೆಂಟಿಮೀಟರು. ಎರಡನೆಯದಕ್ಕೆ ಸುಮಾರು ಒಂದೂವರೆ ಮೀಟರು. ತುಟಿಯಿಂದ ೩೭ ಸೆಂಟಿಮೀಟರು ದೂರದಲ್ಲಿ ಮೊದಲ ಕೊಳವೆಯನ್ನು ತುಸು ಅಗಲಿಸಿದರೆ ಎಂಟನೆಯ ಸ್ವರ ಮೇಲೇರುತ್ತದೆ, ಎರಡನೆಯದು ಕೆಳಗಿಳಿಯುತ್ತದೆ. ಒಂದು ಸ್ವರಕ್ಕಾಗಿ ಮಾಡಿದ ತಿದ್ದುಪಡಿ ಎಲ್ಲ ಸ್ವರಗಳನ್ನೂ ಒಂದೊಂದು ಬಗೆಯಾಗಿ ಮುಟ್ಟದೆ ಬಿಡುವುದಿಲ್ಲ. ತಂಬೂರಿಯ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ನಾದವೆಲ್ಲ ಬೇರೆಯಾಗುವುದನ್ನು ಬಲ್ಲ ನಮ್ಮ ವಾಚಕರಿಗೆ, ಅಲ್ಪವಾದ ಬದಲಾವಣೆಯೂ ಸ್ಥಾನಬಲದಿಂದ ಮಹತ್ತಾಗಬಲ್ಲುದೆಂಬುದು ಆಶ್ಚರ್ಯವೆನಿಸದು.

ಇದರಿಂದ ಶ್ರುತಿಗೆ ಮಾತ್ರ ಬಾಧಕವೆಂದು ತಿಳಿಯಬಾರದು. ಆರ್ಥರ್ ಬೆನೇಡ್ ೧೯೭೬ರ ತನ್ನ ಗ್ರಂಥದಲ್ಲಿ ತೋರಿಸಿರುವಂತೆ, ಹಿತ್ತಾಳೆ ವಾದ್ಯದ ಸ್ವರ ಒಂದೇ ಅನುನಾದದ ಬಲದಿಂದ ನಿಲ್ಲುವುದಿಲ್ಲ. ಎರಡನೆಯ ಸಹಜಸ್ವರವನ್ನು ನುಡಿಸುವಾಗ ನಾಲ್ಕನೆಯ, ಆರನೆಯ, ಎಂಟನೆಯ ಅನುನಾದಗಳೂ ಸರಿಯಾದ ಗುಣಿತಗಳಲ್ಲಿದ್ದು ಕೈಗೂಡಿಸಿದರೆ ಮಾತ್ರ ತುಟಿಯ ಕಂಪನ ದೃಢವಾಗುತ್ತದೆ. ಎರಡನೆಯದು ಇಳಿದು ಎಂಟನೆಯದು ಏರಿದರೆ ಈ ಸಹಕಾರ ಮುರಿಯುತ್ತದೆ. ಸ್ವರ ತೆಳುವಾಗುತ್ತದೆ, ಹೊರಡಲು ಹಿಂಜರಿಯುತ್ತದೆ. ಮೊದಲ ಕೊಳವೆಯನ್ನು ಬದಲಿಸಿ ಮೇಲಿನ ಸ್ವರಗಳಲ್ಲಿ ಹಗುರವನ್ನು ಪಡೆದವರು ಕೆಳಗಿನ ಸ್ವರಗಳು ಸೊರಗಿದವೆಂದು ಕೊರಗುವುದಕ್ಕೆ ಇದು ಒಂದು ಕಾರಣವಿರಬಹುದು.

ಸ್ವರದ ಆರಂಭಕ್ಕೆ ಇನ್ನೊಂದು ಕಟ್ಟೂ ಇದೆ. ತುಟಿಯಿಂದ ಹೊರಟ ಮೊದಲ ತರಂಗ ಬೆಲ್‌ನವರೆಗೆ ಹೋಗಿ ಪ್ರತಿಫಲಿಸಿ ಹಿಂದಿರುಗುವ ತನಕ ತುಟಿಗೆ ನಾಳದ ಪೂರ್ಣ ನೆರವು ದೊರೆಯದು. ನಮ್ಮ ಟ್ಯೂಬಾದಲ್ಲಿ ಈ ಯಾತ್ರೆಗೆ ಸೆಕೆಂಡಿನ ಸಾವಿರದ ೩೨ ಪಾಲು ಹಿಡಿಯುತ್ತದೆ. ಮೂರು ವಾಲ್ವುಗಳನ್ನೂ ಒತ್ತಿದರೆ ೪೪ ಪಾಲು. ಟ್ರಂಪೆಟ್ಟಿನಲ್ಲಿ ೮ ಪಾಲು ಸಾಕು. ಎಂಟನೆಯ ಸಹಜಸ್ವರವನ್ನು ಹಿಡಿಯುವ ಟ್ಯೂಬಾ ವಾದಕನ ತುಟಿ ಏಳೆಂಟು ಕಂಪನಗಳಷ್ಟು ಕಾಲ ಹೆಚ್ಚುಕಡಿಮೆ ಸ್ವಶಕ್ತಿಯಿಂದಲೇ ನಡೆಯಬೇಕು. ಈ ನಡುವೆ ವಾಲ್ವಿನ ಹೊಂದದ ರಂಧ್ರ, ಬೆಸುಗೆಯ ಉಬ್ಬು, ಕೂಡದ ಕೊಳವೆಯ ಅಂಚು ಇವುಗಳಿಂದ ಅಕಾಲದಲ್ಲಿ ಹಿಂದಿರುಗುವ ಚಿಕ್ಕ ಪ್ರತಿಫಲನಗಳು ತುಟಿಯನ್ನು ಗೊಂದಲಗೊಳಿಸುತ್ತವೆ. ಶ್ರುತಿಯನ್ನು ಅಳೆಯುವ ಯಂತ್ರಕ್ಕೆ ಇವು ಕಾಣದೆ ಹೋಗಬಹುದು, ವಾದಕನಿಗೆ ಕಾಣುತ್ತವೆ. ಆದುದರಿಂದ ಯಂತ್ರವನ್ನು ಮಾತ್ರ ನಂಬಿ ವಾದಕನ ಮಾತನ್ನು ಭ್ರಮೆಯೆಂದು ತಳ್ಳಿಹಾಕುವುದು ಶಾಸ್ತ್ರೀಯವಲ್ಲ.

೬

ತಿದ್ದುಪಡಿಗಳಲ್ಲಿ ಎಲ್ಲಕ್ಕಿಂತ ಸಾಹಸದ್ದು ಬಿ-ಫ್ಲಾಟ್ ಟ್ಯೂಬಾವನ್ನು ಕತ್ತರಿಸಿ ಸಿ ಶ್ರುತಿಗೆ ತರುವುದು. ೫೪೯ ಸೆಂಟಿಮೀಟರಿನ ನಾಳದಿಂದ ೬೦ ಸೆಂಟಿಮೀಟರು ತೆಗೆಯಬೇಕು. ವಾಲ್ವುಗಳ ಸುತ್ತುಗಳನ್ನೂ ಕತ್ತರಿಸಬೇಕು: ಒಂದನೆಯದು ೬೭ರಿಂದ ೬೦ಕ್ಕೆ, ಮೂರನೆಯದು ೧೦೪ರಿಂದ ೯೨ಕ್ಕೆ ಇಳಿಯಬೇಕು. ಮುಖ್ಯ ನಾಳವನ್ನು ಕತ್ತರಿಸಿ ಸುತ್ತುಗಳನ್ನು ಹಾಗೆಯೇ ಬಿಟ್ಟರೆ ಒಂದನೆಯ ವಾಲ್ವಿನ ಸ್ವರ ೨೩ ಸೆಂಟ್ ಕೆಳಗೆ ಬೀಳುತ್ತದೆ. ಇಷ್ಟನ್ನೂ ಸರಿಪಡಿಸಿದರೂ ಒಂದು ತೊಡಕು ಉಳಿಯುತ್ತದೆ. ಕತ್ತರಿಸಲು ಸುಲಭವಾಗಿ ಸಿಕ್ಕುವುದು ಒಂದೇ ಅಗಲದ ನಡುಗೊಳವೆ. ಶಂಕುವಿನಾಕಾರದಲ್ಲಿ ಅರಳುವ ಭಾಗ ಮತ್ತು ಬೆಲ್ ಹಿಂದಿನಂತೆಯೇ ನಿಲ್ಲುತ್ತವೆ. ಎರಡರ ಪರಸ್ಪರ ಪ್ರಮಾಣ ಕದಲುವುದರಿಂದ ಸಹಜಸ್ವರಗಳ ಅಂತರಗಳೂ ಕದಲುತ್ತವೆ. ಕತ್ತರಿಸಿದ ವಾದ್ಯ ಚೆನ್ನಾಗಿ ಓಗೊಟ್ಟರೆ ಅದು ಕುಶಲಕರ್ಮಿಯ ವಿವೇಕಕ್ಕೆ ಸಂದ ಗೌರವ, ಕತ್ತರಿಸುವಿಕೆಯ ಸಹಜಫಲವಲ್ಲ.

ಮಾದರಿಯನ್ನು ಅನುಕರಿಸುವುದು ಇದಕ್ಕಿಂತ ವಿನಯದ ದಾರಿ. ಅಮೆರಿಕದ ಗ್ರ್ಯಾಂಡ್ ರ್ಯಾಪಿಡ್ಸ್ ಪಟ್ಟಣದ ಯಾರ್ಕ್ ಸಂಸ್ಥೆ ೧೯೩೦ರ ದಶಕದಲ್ಲಿ ತಯಾರಿಸಿದ ದೊಡ್ಡ ಸಿ ಟ್ಯೂಬಾ ಈ ವಿಷಯದಲ್ಲಿ ಪ್ರಸಿದ್ಧವಾದುದು. ೧೯೪೪ರಿಂದ ೧೯೮೮ರವರೆಗೆ ಶಿಕಾಗೋ ವಾದ್ಯವೃಂದದಲ್ಲಿದ್ದ ಆರ್ನಲ್ಡ್ ಜೇಕಬ್ಸ್ ಅದನ್ನು ನುಡಿಸಿ ಹೆಸರುಗೊಳಿಸಿದನು. ಹಿರ್ಷ್‌ಬ್ರುನ್ನರ್, ಯಮಾಹಾ ಮೊದಲಾದ ತಯಾರಕರು ಅದನ್ನು ಮಾದರಿಯಾಗಿ ಹಿಡಿದರು. ಅಳತೆಯನ್ನು ಅನುಕರಿಸುವ ಕೆಲಸ ಯೋಗ್ಯವಾದದ್ದೇ. ಆದರೆ ಆ ವಾದ್ಯದ ಕೀರ್ತಿಯಲ್ಲಿ ಜೇಕಬ್ಸನ ಉಸಿರಿನ ಪಾಲೆಷ್ಟು, ನಾಳದ ಪಾಲೆಷ್ಟು ಎಂದು ಬಿಡಿಸದೆ ತೀರ್ಪು ಹೇಳಲಾಗದು. ಶೇಷಣ್ಣನವರ ವೀಣೆಯನ್ನು ಕೈಗೆತ್ತಿಕೊಂಡವರೆಲ್ಲ ಶೇಷಣ್ಣನವರಾಗುವುದಿಲ್ಲವಷ್ಟೆ.

ಇನ್ನು ಲೋಹದ ವಿಚಾರ. ದಪ್ಪ ತಗಡು, ತೆಳು ತಗಡು, ಬೆಳ್ಳಿಯ ಲೇಪ, ಭಾರವಾದ ವಾಲ್ವು ಮುಚ್ಚಳ ಇವುಗಳಿಗೆ ಅದ್ಭುತ ಗುಣಗಳನ್ನು ಆರೋಪಿಸುವುದುಂಟು. ಕೋಲ್ಟ್‌ಮನ್ ೧೯೭೧ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಆಕಾರದ, ಬೇರೆ ಬೇರೆ ವಸ್ತುಗಳ ಕೊಳಲುಗಳನ್ನು ಕಾಣದಂತೆ ಕೊಟ್ಟಾಗ ವಾದಕರೂ ಶ್ರೋತೃಗಳೂ ಅವನ್ನು ಬೇರ್ಪಡಿಸಿ ಗುರುತಿಸಲಾರದೆ ಹೋದರು. ಕೊಳಲಿಗೆ ಸತ್ಯವಾದುದು ಟ್ಯೂಬಾಕ್ಕೂ ಸತ್ಯವೇ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ಟ್ರಂಪೆಟ್ಟಿನ ಬೆಲ್ ಅಲುಗದಂತೆ ಮರಳಿನಲ್ಲಿ ಅಡಕಿ ನುಡಿಸಿದಾಗ ಅಳೆಯಬಹುದಾದ ಭೇದವನ್ನು ಮೂರ್ ಮತ್ತು ಸಂಗಡಿಗರು ೨೦೦೫ರಲ್ಲಿ ವರದಿಮಾಡಿದ್ದಾರೆ. ಆದುದರಿಂದ ಲೋಹಕ್ಕೆ ಪಾತ್ರವೇ ಇಲ್ಲವೆನ್ನುವುದು ಅತಿಯಾದೀತು. ಆದರೂ ವಾದ್ಯವೆಂಬುದು ಮೊದಲಾಗಿ ಗಾಳಿಯ ಸ್ತಂಭ. ಲೋಹ ಅದರ ಎಲ್ಲೆ. ಎಲ್ಲೆಯ ಆಕಾರವನ್ನು ವಿಚಾರಿಸುವ ಮೊದಲು ಅದರ ದ್ರವ್ಯವನ್ನು ವಿಚಾರಿಸುವುದು ಕ್ರಮ ತಪ್ಪಿದ ವಿಚಾರ.

೭

ಮೇಲಿನ ವಿವೇಚನೆಯಿಂದ ಒಂದು ಪರೀಕ್ಷಾಕ್ರಮ ತಾನಾಗಿ ಹೊರಡುತ್ತದೆ. ಬಿಗಿಯೆಂಬ ದೂರು ಬಂದ ಟ್ಯೂಬಾದಲ್ಲಿ ಮೊದಲು ವಾಲ್ವುಗಳು ಸೋರುತ್ತವೆಯೇ, ಮೊದಲ ಕೊಳವೆಯಲ್ಲಿ ಕಿಲುಬು ಕಟ್ಟಿದೆಯೇ ಎಂದು ನೋಡಬೇಕು. ಈ ಎರಡೂ ಅನುನಾದವನ್ನು ದುರ್ಬಲಗೊಳಿಸುತ್ತವೆ. ಎರಡಕ್ಕೂ ಗರಗಸ ಬೇಕಿಲ್ಲ. ಬಳಿಕ ವಾಲ್ವುಗಳ ಸುತ್ತುಗಳನ್ನು ಅಂದಿನ ಉಷ್ಣತೆಗೆ ಹೊಂದಿಸಿ, ಪ್ರತಿಯೊಂದು ಜೋಡಣೆಯ ಕೊರತೆಯನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಯಾವ ಸ್ವರಗಳು ಶ್ರುತಿಯಲ್ಲಿ, ಯಾವುವು ಆರಂಭದಲ್ಲಿ, ಯಾವುವು ನಿರೋಧದಲ್ಲಿ ಸೋಲುತ್ತವೆಂದು ಮೂರು ಪಟ್ಟಿಗಳನ್ನು ಮಾಡಬೇಕು. ಕಳಚಿ ಮರಳಿ ಜೋಡಿಸಬಹುದಾದ ಮಾರ್ಪಾಡುಗಳನ್ನು ಪ್ರಯೋಗಿಸಿ ನೋಡಿ, ಅವು ಸೋತಲ್ಲಿ ಮಾತ್ರ ಮರಳಿ ಬಾರದ ಮಾರ್ಪಾಡಿಗೆ ಕೈಹಾಕಬೇಕು.

ಇದು ಕೇವಲ ಕುಶಲಕರ್ಮಿಗಳಿಗೆ ಸೇರಿದ ವಿಷಯವೆಂದು ನಾವು ಭಾವಿಸುವುದಿಲ್ಲ. ಹಳೆಯ ವಾದ್ಯಗಳಲ್ಲಿಯೇ ಕಲಿಯಬೇಕಾದ ವಿದ್ಯಾರ್ಥಿ ವಾದ್ಯದ ಗಣಿತವನ್ನು ತನ್ನ ಅಸಾಮರ್ಥ್ಯವೆಂದು ತಿಳಿದು ವಾದನವನ್ನೇ ಬಿಡುವ ಸಂಭವವುಂಟು. ಅವನ ಅಧ್ಯಾಪಕರಿಗೆ ಮೇಲಿನ ಮೂರು ಪಟ್ಟಿಗಳು ನ್ಯಾಯನಿರ್ಣಯದ ಸಾಧನಗಳಾಗಬಲ್ಲವು. ಭಾರತೀಯ ತಂತಿವಾದ್ಯಗಳ ಮೇಲುಸೇತುವೆಯನ್ನು ಕುರಿತು ೧೯೨೧ರಲ್ಲಿಯೇ ಬರೆದ ಸಿ. ವಿ. ರಾಮನ್ನರ ನಾಡಿನಲ್ಲಿ, ಗಾಳಿವಾದ್ಯಗಳ ನಾಳವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆಯುವುದು ಕಾಲೇಜುಗಳ ಭೌತಶಾಸ್ತ್ರ ವಿಭಾಗಗಳಿಗೂ ಸಂಗೀತ ವಿಭಾಗಗಳಿಗೂ ಜಂಟಿಯಾಗಿ ತಕ್ಕ ಕೆಲಸ. ಒಂದು ಅಳತೆಪಟ್ಟಿ, ಒಂದು ಉಷ್ಣಮಾಪಕ, ಶ್ರುತಿಯನ್ನು ತೋರುವ ಒಂದು ಸಾಧನ, ಸಹನೆಯುಳ್ಳ ಒಬ್ಬ ವಾದಕ: ಆರಂಭಕ್ಕೆ ಇಷ್ಟು ಸಾಕು.